ಎರಡು ಕಂಠ, ಒಂದು ರೀತಿ: ಕಿಲ್‌ಸ್ವಿಚ್ ಎಂಗೇಜ್ ತಂಡದ ಚರಿತ್ರೆಯಲ್ಲಿ ಕಾಲವಿಭಾಗದ ಪ್ರಶ್ನೆ

೧

ಯಾವ ಕಲೆಯ ಚರಿತ್ರೆಯನ್ನು ಬರೆಯಲು ಹೊರಟರೂ ಚರಿತ್ರಕಾರನಿಗೆ ಮೊದಲು ಎದುರಾಗತಕ್ಕ ತೊಡಕು ಕಾಲವಿಭಾಗದ್ದು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಮತಗಳ ಹೆಸರಿನಿಂದ ವಿಭಾಗಿಸಬೇಕೆ, ಕವಿಗಳ ಹೆಸರಿನಿಂದ ವಿಭಾಗಿಸಬೇಕೆ, ಇಲ್ಲವೆ ಚಂಪು, ವಚನ, ಷಟ್ಪದಿ ಎಂಬ ರೂಪಗಳಿಂದ ವಿಭಾಗಿಸಬೇಕೆ ಎಂಬ ಚರ್ಚೆ ನಮ್ಮ ತರಗತಿಗಳಲ್ಲಿ ಇಂದಿಗೂ ಮುಗಿದಿಲ್ಲ. ವಿಭಾಗದ ಹೆಸರು ಬದಲಾದ ಮಾತ್ರಕ್ಕೆ ಕೃತಿಗಳು ಬದಲಾಗವು, ನಿಜ. ಆದರೆ ಆ ಕೃತಿಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬದಲಾಗುತ್ತದೆ. ಕವಿಯ ಹೆಸರಿಟ್ಟರೆ ವ್ಯಕ್ತಿ ಮುಂದೆ ಬರುತ್ತಾನೆ. ರೂಪದ ಹೆಸರಿಟ್ಟರೆ ಪರಂಪರೆ ಮುಂದೆ ಬರುತ್ತದೆ.

ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ತೀರ ಈಚಿನ ಕಾಲದ ಒಂದು ಸಂಗೀತ ತಂಡದ ವಿಷಯದಲ್ಲಿ ಎತ್ತಿಕೊಂಡಿದ್ದೇವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ೧೯೯೯ರಲ್ಲಿ ಹುಟ್ಟಿದ ಕಿಲ್‌ಸ್ವಿಚ್ ಎಂಗೇಜ್ ಎಂಬ ಈ ತಂಡ ಮೆಟಲ್‌ಕೋರ್ ಎಂಬ ಸಂಗೀತಪ್ರಕಾರಕ್ಕೆ ಸೇರಿದುದು. ಅದರ ಚರಿತ್ರೆಯನ್ನು ಹೇಳುವವರೆಲ್ಲರೂ ಸಾಮಾನ್ಯವಾಗಿ ಅದನ್ನು ಗಾಯಕರ ಹೆಸರಿನಿಂದ ಮೂರು ಭಾಗ ಮಾಡುತ್ತಾರೆ: ೨೦೦೨ರವರೆಗೆ ಜೆಸ್ಸಿ ಲೀಚರ ಕಾಲ, ಅಲ್ಲಿಂದ ೨೦೧೨ರವರೆಗೆ ಹೊವಾರ್ಡ್ ಜೋನ್ಸರ ಕಾಲ, ೨೦೧೨ರಿಂದ ಮತ್ತೆ ಲೀಚರ ಕಾಲ. ಈ ವಿಭಾಗ ನೆನಪಿಡಲು ಸುಲಭವಾದುದು. ರಸಿಕರಲ್ಲಿ ಎರಡು ಪಕ್ಷಗಳಾಗಿ, ಇವರು ಹೆಚ್ಚೋ ಅವರು ಹೆಚ್ಚೋ ಎಂಬ ವಾದ ವರ್ಷಗಟ್ಟಲೆ ಬೆಳೆದುಬರುವುದಕ್ಕೂ ಇದೇ ಆಧಾರವಾಗಿದೆ. ಆದರೆ ತಂಡದ ಕೃತಿಗಳನ್ನು ಕ್ರಮವಾಗಿ ಆಲಿಸಿದಾಗ ಈ ವಿಭಾಗ ಮುಖ್ಯವಾದ ಒಂದು ಸಂಗತಿಯನ್ನು ಮರೆಮಾಡುತ್ತದೆಂದು ನಮಗೆ ತೋರುತ್ತದೆ. ಗಾಯಕರು ಬದಲಾದರೂ ತಂಡದ ರೀತಿ ಬದಲಾಗಲಿಲ್ಲ. ಅಷ್ಟೇ ಅಲ್ಲ, ಗಾಯಕರ ಮೇಲೆ ಬಿದ್ದ ಭಾರದಲ್ಲಿ ಆ ರೀತಿಯ ಪಾಲೂ ಇದ್ದಿತು. ಈ ಅಭಿಪ್ರಾಯವನ್ನು ಮುಂದೆ ಕ್ರಮವಾಗಿ ನಿರೂಪಿಸುತ್ತೇವೆ.

೨

ಮೆಟಲ್‌ಕೋರ್ ಎಂಬ ಹೆಸರೇ ಅದರ ವಂಶವನ್ನು ತಿಳಿಸುತ್ತದೆ. ಹೆವಿ ಮೆಟಲ್ ಒಂದು ಕುಲ. ಹಾರ್ಡ್‌ಕೋರ್ ಪಂಕ್ ಇನ್ನೊಂದು ಕುಲ. ಹಾರ್ಡ್‌ಕೋರ್ ಎಂಬುದು ೧೯೮೦ರ ಆಸುಪಾಸಿನಲ್ಲಿ ಅಮೆರಿಕದ ನಗರಗಳಲ್ಲಿ ತಲೆಯೆತ್ತಿದ ಸಂಗೀತ. ಹಾಡುಗಳು ಚಿಕ್ಕವು, ಲಯ ಅತಿದ್ರುತ, ಗಾಯನ ಬಹುಮಟ್ಟಿಗೆ ಕೂಗು. ಸಣ್ಣ ಸಭಾಂಗಣಗಳಲ್ಲಿ ನುಡಿಸುವವರೂ ಕೇಳುವವರೂ ಒಂದೇ ನೆಲದ ಮೇಲೆ ನಿಂತು ನಡೆಸುತ್ತಿದ್ದ ಸಮಾರಂಭವದು. ಸಾಹಿತ್ಯದಲ್ಲಿ ನೀತಿಯ ಆಗ್ರಹ ಹೆಚ್ಚು. ವಾಷಿಂಗ್ಟನ್ ನಗರದ ಮೈನರ್ ಥ್ರೆಟ್ ಎಂಬ ತಂಡದ ೧೯೮೧ರ ಒಂದು ಹಾಡು, ಮದ್ಯಪಾನ, ಧೂಮಪಾನಗಳನ್ನು ತ್ಯಜಿಸಿದ ತರುಣರ ಒಂದು ಚಳವಳಿಗೇ ಹೆಸರನ್ನು ಒದಗಿಸಿತು. ಮ್ಯಾಸಚೂಸೆಟ್ಸಿನ ರಾಜಧಾನಿಯಾದ ಬಾಸ್ಟನ್ ಈ ಸಂಗೀತದ ಪ್ರಬಲ ಕೇಂದ್ರಗಳಲ್ಲಿ ಒಂದಾಗಿತ್ತು.

೧೯೯೦ರ ದಶಕದಲ್ಲಿ ಈ ಧಾರೆಯ ಕೆಲವು ತಂಡಗಳು ಮೆಟಲ್ ಸಂಗೀತದ ಭಾರವಾದ ಗಿಟಾರುನಾದವನ್ನು ತಮ್ಮದಾಗಿಸಿಕೊಂಡವು. ಕ್ಲೀವ್‌ಲೆಂಡಿನ ಇಂಟೆಗ್ರಿಟಿ, ಸಿರಾಕ್ಯೂಸಿನ ಅರ್ಥ್ ಕ್ರೈಸಿಸ್, ಮ್ಯಾಸಚೂಸೆಟ್ಸಿನ ಕನ್ವರ್ಜ್ ಮೊದಲಾದವು ಇಲ್ಲಿ ಸ್ಮರಣೀಯ. ಬ್ರೇಕ್‌ಡೌನ್ ಎಂಬ ಅಂಗ ಈ ಸಂಗೀತದಲ್ಲಿ ಪ್ರಧಾನವಾಯಿತು. ದ್ರುತದಲ್ಲಿ ಸಾಗುತ್ತಿದ್ದ ಹಾಡು ಥಟ್ಟನೆ ಅರ್ಧ ವೇಗಕ್ಕಿಳಿದು, ಗಿಟಾರುಗಳೂ ಡ್ರಮ್ಮುಗಳೂ ಒಂದೇ ಪೆಟ್ಟಿನಲ್ಲಿ ಕೂಡಿ, ತೂಕವಾದ ಲಯಘಾತಗಳಾಗಿ ಬೀಳುವ ಸ್ಥಳವೇ ಬ್ರೇಕ್‌ಡೌನ್. ಅಲ್ಲಿ ಸ್ವರವೈವಿಧ್ಯ ಬಹುಮಟ್ಟಿಗೆ ಅಡಗಿ ಲಯವೊಂದೇ ಮಾತಾಡುತ್ತದೆ.

ಇದಕ್ಕೆ ಪೂರ್ಣ ಬೇರೆಯಾದ ಎರಡನೆಯ ಧಾರೆ ಸ್ವೀಡನ್ನಿನ ಗೊಟೆನ್‌ಬರ್ಗ್ ನಗರದ್ದು. ಅಲ್ಲಿಯ ಅಟ್ ದಿ ಗೇಟ್ಸ್, ಇನ್ ಫ್ಲೇಮ್ಸ್, ಡಾರ್ಕ್ ಟ್ರಾಂಕ್ವಿಲಿಟಿ ಎಂಬ ತಂಡಗಳು ೧೯೯೫-೯೬ರಲ್ಲಿ ಹೊರತಂದ ಧ್ವನಿಮುದ್ರಿಕೆಗಳಲ್ಲಿ, ಡೆತ್ ಮೆಟಲ್ ಎಂಬ ಅತ್ಯುಗ್ರ ಸಂಗೀತಕ್ಕೆ ಇಂಪಾದ ಸ್ವರಪಂಕ್ತಿಗಳನ್ನು ಹೆಣೆದರು. ಒಂದು ಗಿಟಾರು ಒಂದು ಪಂಕ್ತಿಯನ್ನು ನುಡಿಸುತ್ತಿರುವಾಗ ಇನ್ನೊಂದು ಗಿಟಾರು ಮೂರನೆಯ ಸ್ವರದ ಅಂತರದಲ್ಲಿ, ನಮ್ಮ ಷಡ್ಜಕ್ಕೆ ಗಾಂಧಾರವಿದ್ದಂತೆ, ಜೊತೆಜೊತೆಯಾಗಿ ಸಾಗುವುದು ಇವರ ವಿಶೇಷ. ಈ ಜೋಡಿಗಿಟಾರಿನ ಪದ್ಧತಿ ಹಿಂದಿನ ಬ್ರಿಟಿಷ್ ಹೆವಿ ಮೆಟಲ್ಲಿನ ಆಸ್ತಿ. ಸ್ವೀಡನ್ನಿನವರು ಅದನ್ನು ಹೆಚ್ಚು ವೇಗದಲ್ಲಿ, ಹೆಚ್ಚು ಕಠೋರವಾದ ಕಂಠದೊಡನೆ ಬಳಸಿದರು.

ಆದಕಾರಣ ಒಂದು ಕಡೆ ಅಮೆರಿಕದ ಈಶಾನ್ಯದ ಲಯ, ಇನ್ನೊಂದು ಕಡೆ ಸ್ವೀಡನ್ನಿನ ಸ್ವರ. ಇವೆರಡೂ ಕೂಡಿದ ಸ್ಥಳಗಳಲ್ಲಿ ನಾವು ಪರಿಶೀಲಿಸಹೊರಟ ತಂಡ ಮುಖ್ಯವಾದುದು.

೩

ತಂಡದ ನೆಲೆಯಾದ ವೆಸ್ಟ್‌ಫೀಲ್ಡ್, ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಸುಮಾರು ೧೦೦ ಮೈಲಿ ದೂರದಲ್ಲಿರುವ ಸಣ್ಣ ನಗರ. ಕುದುರೆಗಾಡಿಗಳ ಕಾಲದಲ್ಲಿ ಚಾವಟಿಗಳ ತಯಾರಿಕೆಗೆ ಹೆಸರಾಗಿದ್ದುದರಿಂದ ಅದಕ್ಕೆ 'ಚಾವಟಿ ನಗರ' ಎಂಬ ಅಡ್ಡಹೆಸರಿದೆ. ಮಹಾನಗರದ ಸಂಗೀತ ಇಂಥ ಪಟ್ಟಣಗಳಿಗೆ ತಲುಪುತ್ತಿತ್ತು. ಆದರೆ ಇಲ್ಲಿಯ ತರುಣರು ತಮ್ಮ ಕಚೇರಿಗಳನ್ನೂ ಧ್ವನಿಮುದ್ರಣವನ್ನೂ ತಾವೇ ಏರ್ಪಡಿಸಿಕೊಳ್ಳಬೇಕಾಗುತ್ತಿತ್ತು. ತಾವೇ ಮಾಡಿಕೊಳ್ಳುವ ಈ ಅಭ್ಯಾಸದ ಫಲವನ್ನು ಮುಂದೆ ಕಾಣುತ್ತೇವೆ.

೧೯೯೮-೯೯ರ ಸುಮಾರಿಗೆ ಆ ಪ್ರದೇಶದ ಎರಡು ತಂಡಗಳು ಮುರಿದುವು. ಓವರ್‌ಕಾಸ್ಟ್ ಎಂಬುದು ಒಂದು. ಅದರ ಬೇಸ್ ಗಿಟಾರು ವಾದಕರು ಮೈಕ್ ಡಿಆಂಟೋನಿಯೊ. ಆಫ್ಟರ್‌ಶಾಕ್ ಎಂಬುದು ಇನ್ನೊಂದು. ಅದರಲ್ಲಿ ಆಡಮ್ ಡಟ್ಕೆವಿಚ್ ಮತ್ತು ಜೋಯೆಲ್ ಸ್ಟ್ರೋಟ್ಜೆಲ್ ಇದ್ದರು. ಈ ಮೂವರೊಡನೆ ರೋಡ್ ಐಲೆಂಡ್ ರಾಜ್ಯದಿಂದ ಬಂದ ಜೆಸ್ಸಿ ಲೀಚ್ ಗಾಯಕರಾಗಿ ಸೇರಿಕೊಂಡರು. ಎಕ್ಸ್-ಫೈಲ್ಸ್ ಎಂಬ ದೂರದರ್ಶನ ಮಾಲೆಯ ೧೯೯೮ರ ಒಂದು ಕಂತಿನ ಹೆಸರಿನಿಂದ ತಂಡದ ಹೆಸರು ಬಂದಿತು. ಆರಂಭದಲ್ಲಿ ಡಟ್ಕೆವಿಚ್ ಡ್ರಮ್ಮು ನುಡಿಸುತ್ತಿದ್ದರು.

ಅವರ ಮೊದಲನೆಯ ಸಾರ್ವಜನಿಕ ಕಚೇರಿ ನಡೆದದ್ದು ೧೯೯೯ರ ನವೆಂಬರಿನಲ್ಲಿ. ಅಂದಿನ ಮುಖ್ಯ ತಂಡ ಗೊಟೆನ್‌ಬರ್ಗಿನ ಇನ್ ಫ್ಲೇಮ್ಸ್. ಇವರದು ಪೂರ್ವಭಾಗದ ಕಚೇರಿ. ನಾಲ್ಕು ಹಾಡುಗಳ ಒಂದು ಮಾದರಿ ಮುದ್ರಿಕೆಯನ್ನು ಅಂದು ಹೊರತಂದರು. ಎರಡು ಧಾರೆಗಳ ಸಂಗಮವೆಂದು ನಾವು ಮೇಲೆ ಹೇಳಿದುದು, ಈ ತಂಡದ ವಿಷಯದಲ್ಲಿ ಅದರ ಮೊದಲ ದಿನದ ವೇದಿಕೆಯ ಮೇಲೆಯೇ ಕಾಣಸಿಗುತ್ತದೆ.

೨೦೦೦ದಲ್ಲಿ ಫೆರೆಟ್ ಮ್ಯೂಸಿಕ್ ಎಂಬ ಸಣ್ಣ ಸಂಸ್ಥೆ ತಂಡದ ಹೆಸರನ್ನೇ ಹೊತ್ತ ಮೊದಲ ಧ್ವನಿಮುದ್ರಿಕೆಯನ್ನು ಪ್ರಕಟಿಸಿತು. ಇದರಲ್ಲಿ ಹಾರ್ಡ್‌ಕೋರ್ ಅಂಶವೂ ಸ್ವೀಡನ್ನಿನ ಅಂಶವೂ ಪಕ್ಕಪಕ್ಕದಲ್ಲಿ ಇವೆ, ಒಂದರೊಳಗೊಂದು ಬೆರೆತಿಲ್ಲ. ಗಾಯನದಲ್ಲಿ ಆರ್ಭಟವೇ ಪ್ರಧಾನ, ಸುಸ್ವರ ಗೌಣ. (ಕಂಠವನ್ನು ಒರಟಾಗಿಸಿ ಚೀರುವ ಗಾಯನವನ್ನು ಆರ್ಭಟವೆಂದೂ, ಸ್ವರಸ್ಥಾನಗಳನ್ನು ಸ್ಪಷ್ಟವಾಗಿ ಹಿಡಿದು ಹಾಡುವುದನ್ನು ಸುಸ್ವರವೆಂದೂ ಈ ಲೇಖನದಲ್ಲಿ ಕರೆದಿದ್ದೇವೆ.)

೪

೨೦೦೨ರ ಮೇ ತಿಂಗಳಲ್ಲಿ ರೋಡ್‌ರನ್ನರ್ ಸಂಸ್ಥೆಯ ಮೂಲಕ ಹೊರಬಂದ 'ಅಲೈವ್ ಆರ್ ಜಸ್ಟ್ ಬ್ರೀದಿಂಗ್' ಎಂಬುದು ಎರಡನೆಯ ಧ್ವನಿಮುದ್ರಿಕೆ. ಇಷ್ಟರಲ್ಲಿ ಡಟ್ಕೆವಿಚ್ ಗಿಟಾರಿಗೆ ಬಂದಿದ್ದರು. ಕಚೇರಿಗಳಲ್ಲಿ ಡ್ರಮ್ಮು ನುಡಿಸಲು ಟಾಮ್ ಗೋಮ್ಸ್ ಸೇರಿದ್ದರು. ಆದರೆ ಧ್ವನಿಮುದ್ರಣದಲ್ಲಿ ಡ್ರಮ್ಮನ್ನು ನುಡಿಸಿದವರೂ ಡಟ್ಕೆವಿಚ್ಚರೇ. ಅವರೇ ನಿರ್ಮಾಪಕರೂ ಆಗಿದ್ದರು. ಚಲನಚಿತ್ರದಲ್ಲಿ ನಿರ್ಮಾಪಕನೆಂದರೆ ಹಣ ಹೂಡುವವನು, ಧ್ವನಿಮುದ್ರಣದಲ್ಲಿ ಹಾಗಲ್ಲ. ಯಾವ ವಾದ್ಯ ಎಷ್ಟು ಕೇಳಿಸಬೇಕು, ಹಾಡು ಎಲ್ಲಿ ತಿರುಗಬೇಕು, ಗಾಯಕ ಒಂದು ಸಾಲನ್ನು ಎಷ್ಟು ಬಾರಿ ಹಾಡಬೇಕು ಎಂಬುದನ್ನು ತೀರ್ಮಾನಿಸುವವನು ಅವನು. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಈ ವಿದ್ಯೆಯನ್ನು ಅಭ್ಯಾಸಮಾಡಿದ್ದ ಡಟ್ಕೆವಿಚ್ಚರು ವೆಸ್ಟ್‌ಫೀಲ್ಡಿನ ಜಿಂಗ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಸಿದರು. ಧ್ವನಿಗಳ ಅಂತಿಮ ಮಿಶ್ರಣವನ್ನು ಇಂಗ್ಲೆಂಡಿನ ಆಂಡಿ ಸ್ನೀಪ್ ಮಾಡಿದರು.

ಈ ಕೃತಿಯಲ್ಲಿ ತಂಡದ ರೀತಿ ಮೊದಲ ಬಾರಿಗೆ ಪೂರ್ಣವಾಗಿ ಸಿದ್ಧವಾಯಿತು. ಅದರ ಲಕ್ಷಣಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದು ಶ್ರುತಿ. ಗಿಟಾರಿನ ಅತಿ ಮಂದ್ರ ತಂತಿಯನ್ನು ವಾಡಿಕೆಗಿಂತ ನಾಲ್ಕು ಅರ್ಧಸ್ವರಗಳಷ್ಟು, ಉಳಿದ ಐದು ತಂತಿಗಳನ್ನು ಎರಡು ಅರ್ಧಸ್ವರಗಳಷ್ಟು ಇಳಿಸಿ ಕಟ್ಟುತ್ತಾರೆ. ಇದರಿಂದ ನಾದಕ್ಕೆ ತೂಕ ಬರುತ್ತದೆ; ಜೊತೆಗೆ ಷಡ್ಜಪಂಚಮಗಳ ಜೋಡಿಯನ್ನು ಒಂದೇ ಬೆರಳಿನಿಂದ ಒತ್ತಿ ಹಿಡಿಯಬಹುದಾಗಿ, ವೇಗವಾದ ಲಯಕ್ಕೆ ಅನುಕೂಲವಾಗುತ್ತದೆ. ಎರಡನೆಯದು ರಿಫ್ಫು, ಎಂದರೆ ಗಿಟಾರಿನಲ್ಲಿ ಪುನರಾವರ್ತನೆಯಾಗುವ ಕಿರಿಯ ಸ್ವರಗುಚ್ಛ. ಅಂಗೈಯ ಅಂಚನ್ನು ತಂತಿಗಳ ಮೇಲೆ ಒತ್ತಿ ಮಂದ್ರ ಸ್ವರವನ್ನು ಕಡಿಕಡಿದು ನುಡಿಸುತ್ತ, ನಡುನಡುವೆ ಮೇಲಿನ ತಂತಿಗಳಲ್ಲಿ ಗೊಟೆನ್‌ಬರ್ಗ್ ಮಾದರಿಯ ಜೋಡಿಪಂಕ್ತಿಗಳನ್ನು ತೆರೆಯುವುದು ಇದರ ಕ್ರಮ. ಮೂರನೆಯದು ಲಯ. ಎರಡು ಕಾಲುಗಳಿಂದ ನುಡಿಸುವ ದೊಡ್ಡ ಡ್ರಮ್ಮು ಗಿಟಾರಿನ ಕಡಿತಗಳನ್ನು ಅಕ್ಷರಶಃ ಅನುಸರಿಸುತ್ತದೆ; ಬ್ರೇಕ್‌ಡೌನ್ ಬಂದಾಗ ಎಲ್ಲವೂ ಒಂದಾಗುತ್ತದೆ.

ನಾಲ್ಕನೆಯದೂ ಮುಖ್ಯವಾದುದೂ ಗಾಯನದ ವಿನ್ಯಾಸ. ಚರಣ ಆರ್ಭಟದಲ್ಲಿ, ಪಲ್ಲವಿ ಸುಸ್ವರದಲ್ಲಿ. 'ಮೈ ಲಾಸ್ಟ್ ಸೆರನೇಡ್' ಎಂಬ ಹಾಡು ಇದಕ್ಕೆ ಸ್ಫುಟವಾದ ಉದಾಹರಣೆ. ಚರಣದಲ್ಲಿ ಲಯಕ್ಕೆ ಕಟ್ಟುಬಿದ್ದ ಕಂಠ ಪಲ್ಲವಿಗೆ ಬಂದಾಗ ನೀಳವಾದ ಸ್ವರಗಳಾಗಿ ಹರಡಿಕೊಳ್ಳುತ್ತದೆ. ಕೇಳುವವರು ತಾವೂ ಜೊತೆಗೆ ಹಾಡಬಹುದಾದ ಸ್ಥಳವದು. ಆರ್ಭಟವನ್ನೂ ಸುಸ್ವರವನ್ನೂ ಸರದಿಯಂತೆ ಬಳಸುವುದು ಇವರು ಕಂಡುಹಿಡಿದುದಲ್ಲ. ಲಾಸ್ ಏಂಜಲಿಸಿನ ಫಿಯರ್ ಫ್ಯಾಕ್ಟರಿ ಎಂಬ ತಂಡ ೧೯೯೨ರಲ್ಲಿಯೇ ಹಾಗೆ ಮಾಡಿತ್ತು. ಆ ಸರದಿಯನ್ನು ಹಾಡಿನ ಕಟ್ಟಡಕ್ಕೇ ಆಧಾರಸ್ತಂಭವಾಗಿ ನಿಲ್ಲಿಸಿ, ಗಿಟಾರಿನ ವಿನ್ಯಾಸವನ್ನು ಅದಕ್ಕೆ ಅನುಗುಣವಾಗಿ ರಚಿಸಿದುದು ಇವರ ಸಾಧನೆ. ಚರಣದ ಕೆಳಗೆ ಹಾರ್ಡ್‌ಕೋರಿನ ಲಯ ಇರುತ್ತದೆ. ಪಲ್ಲವಿಯ ಕೆಳಗೆ ಸ್ವೀಡನ್ನಿನ ಸ್ವರ ಇರುತ್ತದೆ. ೨೦೦೦ದಲ್ಲಿ ಪಕ್ಕಪಕ್ಕದಲ್ಲಿದ್ದ ಎರಡು ಧಾರೆಗಳಿಗೆ ೨೦೦೨ರಲ್ಲಿ ಒಂದೊಂದು ನಿಯತ ಸ್ಥಾನ ದೊರೆಯಿತು.

ಮೊದಲ ಧ್ವನಿಮುದ್ರಿಕೆಯ 'ಟೆಂಪಲ್ ಫ್ರಮ್ ದಿ ವಿದಿನ್' ಮತ್ತು 'ವಿಡೆ ಇನ್‌ಫ್ರಾ' ಎಂಬ ಎರಡು ಹಾಡುಗಳನ್ನು ಇಲ್ಲಿ ಮತ್ತೆ ಮುದ್ರಿಸಿದ್ದಾರೆ. ವಿದ್ಯಾರ್ಥಿಗಳು ಎರಡು ಪಾಠಗಳನ್ನೂ ಹೋಲಿಸಿ ಕೇಳುವುದು ಉಪಯುಕ್ತ. ಹಾಡಿನ ಮೂಲರಚನೆ ಒಂದೇ. ಧ್ವನಿಗಳ ಪರಸ್ಪರ ಸಂಬಂಧ ಮಾತ್ರ ಬೇರೆ. ರೀತಿ ಎಂಬುದು ಸ್ವರರಚನೆಯಲ್ಲಿ ಎಷ್ಟು ಇದೆಯೋ ಧ್ವನಿಮುದ್ರಣದ ಕೈಗಾರಿಕೆಯಲ್ಲಿಯೂ ಅಷ್ಟೇ ಇದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಕಿಲ್ಲ.

೫

ರೀತಿ ಸಿದ್ಧವಾದ ವರ್ಷವೇ ಅದರ ಭಾರ ಕಾಣಿಸಿಕೊಂಡಿತು. ೨೦೦೨ರಲ್ಲಿ, ಧ್ವನಿಮುದ್ರಿಕೆ ಹೊರಬಂದ ಸ್ವಲ್ಪ ಕಾಲದಲ್ಲೇ, ಲೀಚರು ತಂಡವನ್ನು ಬಿಟ್ಟರು. ಪ್ರವಾಸದ ಆಯಾಸ, ಗಂಟಲಿನ ತೊಂದರೆ, ಮನಸ್ಸಿನ ಖಿನ್ನತೆ ಇವು ಕಾರಣಗಳೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ತಾವು ಬಿಡುವ ವಿಷಯವನ್ನು ಗೆಳೆಯರ ಮುಖ ನೋಡಿ ಹೇಳಲಾರದೆ ಇ-ಮೇಲ್ ಮೂಲಕ ತಿಳಿಸಿದರು.

ಗಂಟಲಿನ ತೊಂದರೆಯನ್ನು ಆಕಸ್ಮಿಕವೆಂದು ಬಿಡುವಂತಿಲ್ಲ. ಸುಸ್ವರ ಗಾಯನದಲ್ಲಿ ಧ್ವನಿತಂತುಗಳು ನಿಯತವಾಗಿ ಕಂಪಿಸಬೇಕು. ಆರ್ಭಟದಲ್ಲಿ ಅವುಗಳ ಮೇಲ್ಭಾಗದ ಮಿಥ್ಯಾತಂತುಗಳೆಂಬ ಮಡಿಕೆಗಳೂ ಅಕ್ರಮ ಕಂಪನಕ್ಕೆ ಒಳಗಾಗುತ್ತವೆ. ಉಸಿರಿನ ಒತ್ತಡವನ್ನು ಹತೋಟಿಯಲ್ಲಿಡದೆ ಬರಿಯ ಬಲದಿಂದ ಚೀರಿದರೆ ಧ್ವನಿತಂತುಗಳಿಗೆ ಪೆಟ್ಟಾಗುತ್ತದೆ. ಹಿಂದಿನ ಹಾರ್ಡ್‌ಕೋರ್ ಗಾಯಕರು ಕೂಗಿ ಗಂಟಲು ಕಟ್ಟಿದರೂ ಮರುದಿನ ಕಟ್ಟಿದ ಗಂಟಲಿನಿಂದಲೇ ಕೂಗಬಹುದಾಗಿತ್ತು. ಆದರೆ ಈ ಹೊಸ ರೀತಿಯಲ್ಲಿ ಚರಣದಲ್ಲಿ ಚೀರಿದ ಕಂಠವೇ ಮರುಕ್ಷಣ ಪಲ್ಲವಿಯ ಸ್ವರವನ್ನು ಶುದ್ಧವಾಗಿ ಹಿಡಿಯಬೇಕು. ಇದನ್ನು ರಾತ್ರಿಯಿಂದ ರಾತ್ರಿಗೆ, ಊರಿನಿಂದ ಊರಿಗೆ ಮಾಡಬೇಕು. ಸ್ಟುಡಿಯೋದಲ್ಲಿ ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಮುದ್ರಿಸಿಕೊಳ್ಳುವ ಸೌಕರ್ಯ ಉಂಟು. ವೇದಿಕೆಯ ಮೇಲೆ ಇಲ್ಲ. ಇಲ್ಲಿ ಸ್ಟುಡಿಯೋದಲ್ಲಿ ಹುಟ್ಟಿದ ರೀತಿ ಶರೀರದಿಂದ ಬೇಡಿದುದು ಅಲ್ಪವಲ್ಲ.

ಲೀಚರ ಸ್ಥಾನಕ್ಕೆ ಬಂದವರು ಬ್ಲಡ್ ಹ್ಯಾಸ್ ಬೀನ್ ಶೆಡ್ ಎಂಬ ತಂಡದ ಹೊವಾರ್ಡ್ ಜೋನ್ಸ್. ಅದೇ ತಂಡದ ಡ್ರಮ್ಮುವಾದಕ ಜಸ್ಟಿನ್ ಫೋಲಿ ಅವರು ೨೦೦೩ರಲ್ಲಿ ಗೋಮ್ಸರ ಸ್ಥಾನಕ್ಕೆ ಬಂದರು. ೨೦೦೪ರ ಮೇ ತಿಂಗಳಲ್ಲಿ ಪ್ರಕಟವಾದ 'ದಿ ಎಂಡ್ ಆಫ್ ಹಾರ್ಟೇಕ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ೨೧ನೆಯ ಸ್ಥಾನದಿಂದ ಆರಂಭಿಸಿ, ಮುಂದೆ ೫ ಲಕ್ಷ ಪ್ರತಿಗಳಿಗೆ ಸಲ್ಲುವ ಸುವರ್ಣ ಮನ್ನಣೆಯನ್ನು ಪಡೆಯಿತು. ಅದರ ಶೀರ್ಷಿಕೆಯ ಹಾಡು ೨೦೦೫ರ ಗ್ರ್ಯಾಮಿ ಪ್ರಶಸ್ತಿಯ ಮೆಟಲ್ ವಿಭಾಗಕ್ಕೆ ನಾಮಕರಣಗೊಂಡಿತು.

ಇಬ್ಬರು ಗಾಯಕರಿಗೂ ಭೇದವಿಲ್ಲವೆಂದು ನಾವು ಹೇಳುತ್ತಿಲ್ಲ. ಭೇದ ಉಂಟು, ದೊಡ್ಡದೇ ಉಂಟು. ಲೀಚರ ಸಾಹಿತ್ಯ ಹಾರ್ಡ್‌ಕೋರಿನ ನೀತಿಪರಂಪರೆಗೆ ಸೇರಿದುದು. ಎಚ್ಚರಗೊಳ್ಳಿರಿ, ಒಂದಾಗಿರಿ, ನಿರಾಶರಾಗಬೇಡಿರಿ ಎಂಬ ಉಪದೇಶದ ಧಾಟಿ ಅದರದು. ಜೋನ್ಸರ ಸಾಹಿತ್ಯದಲ್ಲಿ ಸಮೂಹದ ಬದಲು ಇಬ್ಬರ ನಡುವಿನ ಅಗಲಿಕೆ, ಪಶ್ಚಾತ್ತಾಪ, ವಿರಹ ಇವು ಪ್ರಧಾನ. ಲೀಚರ ಸುಸ್ವರದಲ್ಲಿ ಕೂಗಿನ ಬಿರುಸು ಸ್ವಲ್ಪ ಉಳಿದಿರುತ್ತದೆ. ಜೋನ್ಸರದು ತುಂಬಿದ, ಗಂಭೀರವಾದ ಮಂದ್ರಕಂಠ. ೧೯೮೩ರ ಡಿಯೋ ತಂಡದ 'ಹೋಲಿ ಡೈವರ್' ಎಂಬ ಹಾಡನ್ನು ಅವರು ಮತ್ತೆ ಹಾಡಿದುದನ್ನು ಕೇಳಿದರೆ, ಅವರ ಗಾಯನದ ಬೇರು ಹಾರ್ಡ್‌ಕೋರಿಗಿಂತ ಹಳೆಯ ಹೆವಿ ಮೆಟಲ್ಲಿನ ಗಾಯನಪರಂಪರೆಗೆ ಎಷ್ಟು ಹತ್ತಿರವೆಂಬುದು ಗೊತ್ತಾಗುತ್ತದೆ.

ಆದರೆ ಈ ಭೇದಗಳೆಲ್ಲ ಭಾವಕ್ಕೂ ಕಂಠದ ಗುಣಕ್ಕೂ ಸಂಬಂಧಿಸಿದುವು. ಹಾಡಿನ ಕಟ್ಟಡ ೨೦೦೨ರಲ್ಲಿ ಹೇಗಿತ್ತೋ ೨೦೦೪ರಲ್ಲಿಯೂ ಹಾಗೆಯೇ ಇದೆ. ಶ್ರುತಿ ಅದೇ, ಚರಣಪಲ್ಲವಿಗಳ ವಿನ್ಯಾಸ ಅದೇ, ಜೋಡಿಗಿಟಾರಿನ ಪಂಕ್ತಿ ಬರುವ ಸ್ಥಳ ಅದೇ, ನಿರ್ಮಾಪಕರು ಡಟ್ಕೆವಿಚ್ಚರೇ, ಮುಖಪುಟದ ಚಿತ್ರವಿನ್ಯಾಸ ಸಹ ಡಿಆಂಟೋನಿಯೊ ಅವರದೇ. ೨೦೦೬ರ 'ಆ್ಯಸ್ ಡೇಲೈಟ್ ಡೈಸ್' ಇದೇ ದಾರಿಯನ್ನು ಇನ್ನೂ ನಯಗೊಳಿಸಿತು. ಆದಕಾರಣ ೨೦೦೨ರಲ್ಲಿ ಒಂದು ಗೆರೆ ಎಳೆದು ಹಿಂದಿನದೊಂದು ಯುಗ, ಮುಂದಿನದೊಂದು ಯುಗ ಎನ್ನುವುದು ಸಮಂಜಸವಾಗಿ ತೋರುವುದಿಲ್ಲ. ಗೆರೆ ಎಳೆಯಲೇಬೇಕಾದರೆ ಅದು ೨೦೦೦ದ ಧ್ವನಿಮುದ್ರಿಕೆಗೂ ೨೦೦೨ರ ಧ್ವನಿಮುದ್ರಿಕೆಗೂ ನಡುವೆ, ಒಬ್ಬನೇ ಗಾಯಕನ ಕಾಲದ ಒಳಗೆ, ಬೀಳಬೇಕು.

೬

ಈ ರೀತಿಯ ನೆಲೆ ಎಲ್ಲಿ ಎಂಬ ಪ್ರಶ್ನೆಗೆ ಇನ್ನೊಂದು ದಿಕ್ಕಿನಿಂದಲೂ ಉತ್ತರ ದೊರೆಯುತ್ತದೆ. ಆ ವರ್ಷಗಳಲ್ಲಿ ಡಟ್ಕೆವಿಚ್ಚರು ಇತರ ತಂಡಗಳಿಗೂ ನಿರ್ಮಾಪಕರಾದರು. ಮ್ಯಾಸಚೂಸೆಟ್ಸಿನ ಅನರ್ತ್ ತಂಡದ ೨೦೦೪ರ 'ದಿ ಆನ್‌ಕಮಿಂಗ್ ಸ್ಟಾರ್ಮ್', ಆಲ್ ದಟ್ ರಿಮೇನ್ಸ್ ತಂಡದ ೨೦೦೬ರ 'ದಿ ಫಾಲ್ ಆಫ್ ಐಡಿಯಲ್ಸ್', ಆಸ್ಟ್ರೇಲಿಯದ ಬೈರನ್ ಬೇ ಊರಿನ ಪಾರ್ಕ್‌ವೇ ಡ್ರೈವ್ ತಂಡದ ೨೦೦೫ ಮತ್ತು ೨೦೦೭ರ ಧ್ವನಿಮುದ್ರಿಕೆಗಳು ಅವರ ಕೈಯಿಂದ ಹೊರಬಂದುವು. ಈ ತಂಡಗಳಲ್ಲಿ ಲೀಚರೂ ಇಲ್ಲ, ಜೋನ್ಸರೂ ಇಲ್ಲ. ಎಲ್ಲವೂ ಒಂದೇ ಬಗೆಯಲ್ಲಿ ಹಾಡುವುವೂ ಅಲ್ಲ. ಪಾರ್ಕ್‌ವೇ ಡ್ರೈವ್ ಆಗ ಸುಸ್ವರವನ್ನೇ ಬಿಟ್ಟು ಆರ್ಭಟದಿಂದಲೇ ಹಾಡುತ್ತಿತ್ತು. ಆದರೂ ಗಿಟಾರಿನ ಸ್ಪಷ್ಟತೆ, ಲಯದ ಬಿಗಿ, ಇಂಪಾದ ಪಂಕ್ತಿಗೂ ಬ್ರೇಕ್‌ಡೌನಿಗೂ ಇರುವ ತೂಕದ ಸಮತೆ ಇವುಗಳಲ್ಲಿ ಒಂದೇ ಮನೆತನದ ಮುಖಚ್ಛಾಯೆ ಕಾಣುತ್ತದೆ. ಒಂದು ಸಣ್ಣ ಊರಿನಲ್ಲಿ ರೂಪುಗೊಂಡ ಕೈಚಳಕ ಹೀಗೆ ಸಾಗರದಾಚೆಗೂ ಹರಡಿತು.

ಎರಡನೆಯ ಪ್ರಮಾಣ ೨೦೦೯ರ ಧ್ವನಿಮುದ್ರಿಕೆ. ಇದಕ್ಕೂ ತಂಡದ ಹೆಸರನ್ನೇ ಇಟ್ಟರು. ಮೊದಲ ಬಾರಿಗೆ ಹೊರಗಿನ ನಿರ್ಮಾಪಕರೊಬ್ಬರನ್ನು ಕರೆತಂದರು. ಪರ್ಲ್ ಜ್ಯಾಮ್ ಮೊದಲಾದ ಪ್ರಸಿದ್ಧ ರಾಕ್ ತಂಡಗಳೊಡನೆ ಕೆಲಸ ಮಾಡಿದ್ದ ಬ್ರೆಂಡನ್ ಓಬ್ರಯನ್ ಅವರು ಡಟ್ಕೆವಿಚ್ಚರ ಜೊತೆಗೂಡಿದರು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇದು ೭ನೆಯ ಸ್ಥಾನದಿಂದ ಆರಂಭಿಸಿತು. ಅದುವರೆಗೆ ತಂಡ ಅಷ್ಟು ಎತ್ತರಕ್ಕೆ ಏರಿರಲಿಲ್ಲ. ಆದರೂ ಬಹುಮಂದಿ ರಸಿಕರಿಗೆ ಇದು ಸಪ್ಪೆಯಾಗಿ ಕೇಳಿಸಿತು. ಗಾಯಕರು ಬದಲಾಗಿರಲಿಲ್ಲ, ವಾದಕರು ಬದಲಾಗಿರಲಿಲ್ಲ, ಬದಲಾದುದು ಧ್ವನಿಮುದ್ರಣದ ಕೈ. ಗಾಯಕರು ಬದಲಾದಾಗ ಮುರಿಯದ ಎಳೆ ನಿರ್ಮಾಣದಲ್ಲಿ ಇನ್ನೊಂದು ಕೈ ಸೇರಿದಾಗ ಸಡಿಲವಾಯಿತೆಂಬುದು ಪರಿಶೀಲನಾರ್ಹ. ಮುಂದಿನ ಧ್ವನಿಮುದ್ರಿಕೆಗಳಲ್ಲಿ ನಿರ್ಮಾಣ ಮತ್ತೆ ಡಟ್ಕೆವಿಚ್ಚರ ಪಾಲಿಗೆ ಬಂದಿತು.

೭

೨೦೧೦ರಲ್ಲಿ ಜೋನ್ಸರು ಪ್ರವಾಸದಿಂದ ಬಿಡುವು ಪಡೆಯಬೇಕಾಯಿತು. ಆಗ ವೇದಿಕೆಯ ಮೇಲೆ ಅವರ ಸ್ಥಾನವನ್ನು ತುಂಬಿದವರಲ್ಲಿ ಲೀಚರೂ ಒಬ್ಬರು. ೨೦೧೨ರ ಜನವರಿಯಲ್ಲಿ ಜೋನ್ಸರು ತಂಡವನ್ನು ಬಿಟ್ಟರು. ತಮಗೆ ಮಧುಮೇಹವಿದ್ದು, ಸದಾ ಪ್ರವಾಸದಲ್ಲಿದ್ದು ಅದನ್ನು ಹತೋಟಿಯಲ್ಲಿಡುವುದು ಸಾಧ್ಯವಾಗದೆಂದು ಅವರು ಬಹಿರಂಗವಾಗಿ ತಿಳಿಸಿದರು. ಕಾರಣ ಲೀಚರದರಂತೆ ಗಂಟಲಿನದಲ್ಲ. ಆದರೆ ಇಲ್ಲಿಯೂ ಮೊದಲು ಸೋತದ್ದು ಶರೀರವೇ. ಈ ಬಗೆಯ ತಂಡಗಳ ಜೀವನೋಪಾಯ ಬಹುಮಟ್ಟಿಗೆ ಪ್ರವಾಸವನ್ನು ಅವಲಂಬಿಸಿರುತ್ತದೆಂಬುದನ್ನು ನೆನೆದರೆ, ಶರೀರ ಸೋತ ಗಾಯಕನಿಗೆ ಉಳಿದ ದಾರಿಗಳು ಎಷ್ಟು ಕಡಮೆ ಎಂಬುದು ತಿಳಿಯುತ್ತದೆ.

ಅದೇ ವರ್ಷ ಲೀಚರು ಮರಳಿದರು. ಇದನ್ನು ಹಲವರು ಒಂದು ವಿಸ್ಮಯವೆಂಬಂತೆ ವರ್ಣಿಸಿದ್ದಾರೆ. ಆದರೆ ಇದಕ್ಕೆ ಪೀಠಿಕೆ ಮೊದಲೇ ಸಿದ್ಧವಾಗಿತ್ತು. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದ ಡಟ್ಕೆವಿಚ್ಚರು ಆ ದಿನಗಳಲ್ಲಿ ಕೆಲವು ಹಾಡುಗಳನ್ನು ರಚಿಸತೊಡಗಿದರು. ಅವುಗಳನ್ನು ಹಾಡಲು ಲೀಚರನ್ನು ಕರೆದರು. ಟೈಮ್ಸ್ ಆಫ್ ಗ್ರೇಸ್ ಎಂಬ ಹೆಸರಿನಿಂದ ಇಬ್ಬರೂ ಕೂಡಿ ತಂದ ಧ್ವನಿಮುದ್ರಿಕೆ ೨೦೧೧ರ ಜನವರಿಯಲ್ಲಿ ಪ್ರಕಟವಾಯಿತು. ಸ್ಥಾನ ಬಿಟ್ಟು ಒಂಬತ್ತು ವರ್ಷಗಳಾದ ಮೇಲೂ ಕೆಲಸದ ಸಂಬಂಧ ಹರಿದಿರಲಿಲ್ಲ. ಗಾಯಕರ ಹೆಸರಿನ ಕಾಲವಿಭಾಗದಲ್ಲಿ ಈ ಸಂಗತಿಗೆ ಸ್ಥಳವೇ ದೊರೆಯುವುದಿಲ್ಲ. ಅದು 'ಜೋನ್ಸರ ಕಾಲ'ದ ನಡುವೆ ಬಿದ್ದಿದೆ.

೨೦೧೩ರ 'ಡಿಸಾರ್ಮ್ ದಿ ಡಿಸೆಂಟ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ ೭ನೆಯ ಸ್ಥಾನದಿಂದಲೂ, ೨೦೧೬ರ 'ಇನ್‌ಕಾರ್ನೇಟ್' ೬ನೆಯ ಸ್ಥಾನದಿಂದಲೂ ಆರಂಭಿಸಿದುವು. ಇವುಗಳಲ್ಲಿ ಒಂದು ಹೊಸ ಸಂಗತಿಯನ್ನು ಗಮನಿಸಬೇಕು. ಲೀಚರು ಈಗ ಜೋನ್ಸರ ಕಾಲದ ಹಾಡುಗಳನ್ನೂ ವೇದಿಕೆಯ ಮೇಲೆ ಹಾಡಬೇಕು. ಇನ್ನೊಬ್ಬರ ಕಂಠಕ್ಕೆ ಅಳೆದು ಹೊಲಿದ ಅಂಗಿಯನ್ನು ತೊಟ್ಟುಕೊಂಡಂತೆ ಅದು. ಹಿಂದೆ ಜೋನ್ಸರು ಲೀಚರ ಹಾಡುಗಳನ್ನು ಹಾಡುತ್ತ ಬಂದುದೂ ಹೀಗೆಯೇ. ೨೦೧೮ರಲ್ಲಿ ಲೀಚರ ಧ್ವನಿತಂತು ಮತ್ತೆ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾಗಿ, ಕೆಲಕಾಲ ಮೌನದಲ್ಲಿದ್ದು, ಮಾತಾಡುವುದನ್ನೂ ಹಾಡುವುದನ್ನೂ ಅವರು ಮತ್ತೆ ಅಭ್ಯಾಸಮಾಡಬೇಕಾಯಿತು. ಆ ಬಳಿಕ ಪೂರ್ಣಗೊಂಡ 'ಅಟೋನ್‌ಮೆಂಟ್' ೨೦೧೯ರ ಆಗಸ್ಟ್ ತಿಂಗಳಲ್ಲಿ ಮೆಟಲ್ ಬ್ಲೇಡ್ ಸಂಸ್ಥೆಯ ಮೂಲಕ ಹೊರಬಂದಿತು.

ಈ ಧ್ವನಿಮುದ್ರಿಕೆಯಲ್ಲಿ 'ದಿ ಸಿಗ್ನಲ್ ಫೈರ್' ಎಂಬ ಹಾಡಿದೆ. ಅದರಲ್ಲಿ ಲೀಚರ ಜೊತೆಗೆ ಜೋನ್ಸರೂ ಹಾಡಿದ್ದಾರೆ. ರಸಿಕರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಎದುರುಬದುರಾಗಿ ನಿಲ್ಲಿಸಿದ್ದ ಇಬ್ಬರು ಗಾಯಕರು ಇಲ್ಲಿ ಒಂದೇ ಹಾಡಿನಲ್ಲಿ ಸರದಿ ಹಂಚಿಕೊಳ್ಳುತ್ತಾರೆ. ಕೇಳುವವರಿಗೆ ಕಂಠಭೇದ ಒಡನೆಯೇ ಗೊತ್ತಾಗುತ್ತದೆ. ಆದರೆ ಹಾಡು ಎಲ್ಲಿಯೂ ಎರಡಾಗಿ ಸೀಳುವುದಿಲ್ಲ. ನಮ್ಮ ವಾದಕ್ಕೆ ತಂಡವೇ ಒದಗಿಸಿದ ನಿದರ್ಶನವಿದು. ಇಬ್ಬರಿಗೂ ಸಮನಾಗಿ ಸ್ಥಳ ಕೊಡುವಷ್ಟು ವಿಶಾಲವಾದ, ಇಬ್ಬರಿಗೂ ಮೊದಲೇ ಪರಿಚಿತವಾದ ಒಂದು ರೀತಿ ಇಲ್ಲದಿದ್ದರೆ ಈ ಕೂಟ ಸಾಧ್ಯವಾಗುತ್ತಿರಲಿಲ್ಲ. ೨೦೨೫ರ ಫೆಬ್ರವರಿಯಲ್ಲಿ ಪ್ರಕಟವಾದ 'ದಿಸ್ ಕಾನ್ಸಿಕ್ವೆನ್ಸ್' ಸಹ ಇದೇ ರೀತಿಯ ಚೌಕಟ್ಟಿನಲ್ಲಿದೆ.

೮

ಮೇಲಿನ ವಿಚಾರಗಳ ಆಧಾರದ ಮೇಲೆ ತಂಡದ ಚರಿತ್ರೆಯನ್ನು ಹೀಗೆ ವಿಭಾಗಿಸಬಹುದೆಂದು ಸೂಚಿಸುತ್ತೇವೆ. ೧೯೯೯ರಿಂದ ೨೦೦೧ರವರೆಗೆ ಸಂಗ್ರಹದ ಕಾಲ. ಎರಡು ಧಾರೆಗಳು ಆಗ ಜೊತೆಗಿದ್ದರೂ ಒಂದಾಗಿರಲಿಲ್ಲ. ೨೦೦೨ರಿಂದ ೨೦೦೮ರವರೆಗೆ ರೀತಿ ಸಿದ್ಧವಾಗಿ ಪ್ರಸಾರವಾದ ಕಾಲ. ಇದರ ಒಳಗೆ ಗಾಯಕರು ಬದಲಾದರು, ರೀತಿ ಅಖಂಡವಾಗಿ ಸಾಗಿತು. ೨೦೦೯ರಿಂದ ೨೦೧೨ರವರೆಗೆ ಶೋಧನೆಯ ಕಾಲ. ಹೊರಗಿನ ನಿರ್ಮಾಪಕರ ಪ್ರಯೋಗವೂ, ಟೈಮ್ಸ್ ಆಫ್ ಗ್ರೇಸ್ ಎಂಬ ಪಕ್ಕದ ದಾರಿಯೂ ಇದರಲ್ಲಿ ಅಡಕ. ೨೦೧೩ರಿಂದ ಈಚೆಗೆ ಪರಿಪಾಲನೆಯ ಕಾಲ. ತಮ್ಮ ಆಸ್ತಿ ಯಾವುದೆಂಬುದನ್ನು ತಿಳಿದು ಅದನ್ನು ಕಾಪಾಡಿಕೊಂಡು ಬಂದ ಕಾಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಚರಣದಲ್ಲಿ ಆರ್ಭಟ, ಪಲ್ಲವಿಯಲ್ಲಿ ಸುಸ್ವರ ಎಂಬುದು ೨೦೦೫ರ ಸುಮಾರಿಗೆ ಅಸಂಖ್ಯ ತಂಡಗಳ ಕೈಯಲ್ಲಿ ಬರಿಯ ಸೂತ್ರವಾಗಿ ಸವೆದುಹೋಯಿತು. ಅಂಥದನ್ನು ರೀತಿ ಎಂದು ಗೌರವಿಸುವುದು ಹೇಗೆ ಎಂದು ಕೇಳಬಹುದು. ಸವೆದುದು ನಿಜ. ಆದರೆ ಅನುಕರಣೆ ಹೆಚ್ಚಿತೆಂಬ ಕಾರಣದಿಂದ ಮೂಲದ ಬೆಲೆ ತಗ್ಗುವುದಿಲ್ಲ. ಷಟ್ಪದಿಯಲ್ಲಿ ಬರೆದವರೆಲ್ಲ ಕುಮಾರವ್ಯಾಸರಾಗಲಿಲ್ಲ. ಹಾಗೆಂದು ಷಟ್ಪದಿಯನ್ನು ದೂರುವವರಿಲ್ಲ. ಸೂತ್ರವನ್ನು ಬಳಸುವವನು ಎರಡು ಭಾಗಗಳನ್ನು ಅಂಟಿಸುತ್ತಾನೆ; ಈ ತಂಡದ ಉತ್ತಮ ಹಾಡುಗಳಲ್ಲಿ ಚರಣದ ಗಿಟಾರಿನಲ್ಲೇ ಪಲ್ಲವಿಯ ಬೀಜ ಇರುತ್ತದೆ, ಆದ್ದರಿಂದ ತಿರುವು ಬಂದಾಗ ಅದು ಹೊರಗಿನಿಂದ ಬಂದಂತೆ ತೋರುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ರೀತಿಯೇ ಮುಖ್ಯ, ಗಾಯಕ ಗೌಣ ಎಂದಾಗ ಮನುಷ್ಯನನ್ನು ಮರೆತಂತಾಗುವುದಿಲ್ಲವೆ? ನಮ್ಮ ಅಭಿಪ್ರಾಯದಲ್ಲಿ ಆಗುವುದು ಇದಕ್ಕೆ ವಿರುದ್ಧ. ಗಾಯಕರ ಹೆಸರಿನಿಂದ ಯುಗಗಳನ್ನು ಕಟ್ಟುವಾಗ, ಒಬ್ಬರು ಏಕೆ ಬಿಟ್ಟರು, ಇನ್ನೊಬ್ಬರು ಏಕೆ ಬಿಟ್ಟರು ಎಂಬುದು ವ್ಯಕ್ತಿಗಳ ಬಲಾಬಲದ ಕಥೆಯಾಗಿ, ಹೋಲಿಕೆಯ ತಕ್ಕಡಿಯಾಗಿ ಮುಗಿಯುತ್ತದೆ. ರೀತಿಯನ್ನು ಮುಂದಿಟ್ಟಾಗ, ಒಂದೇ ಗಂಟಲಿನಿಂದ ಎರಡು ಗಂಟಲುಗಳ ಕೆಲಸವನ್ನು ಅದು ಬೇಡಿತೆಂಬುದೂ, ಆ ಬೇಡಿಕೆಯನ್ನು ಇಬ್ಬರು ಮನುಷ್ಯರು ತಮ್ಮ ತಮ್ಮ ಶರೀರದ ಮಿತಿಯವರೆಗೆ ಪೂರೈಸಿದರೆಂಬುದೂ ಕಾಣುತ್ತದೆ. ೨೦೦೨ರಲ್ಲಿ ಹೊರಟುಹೋದವರನ್ನು ಸೋತವರೆನ್ನಲು ಆಗ ಆಸ್ಪದವಿರುವುದಿಲ್ಲ. ೨೦೧೨ರಲ್ಲಿ ಹೊರಟವರನ್ನೂ ಹಾಗೆಯೇ.

ಈಚಿನ ಜನಪ್ರಿಯ ಸಂಗೀತದ ಚರಿತ್ರೆಯನ್ನು ಅಭ್ಯಾಸಮಾಡತಕ್ಕ ವಿದ್ಯಾರ್ಥಿಗಳು ಮುಖಪುಟದ ಮೇಲಿನ ಹೆಸರುಗಳ ಜೊತೆಗೆ ಧ್ವನಿಮುದ್ರಣದ ಕೊಠಡಿಯಲ್ಲಿ ನಡೆದ ಕೆಲಸವನ್ನೂ, ಪ್ರವಾಸದ ಬಸ್ಸಿನಲ್ಲಿ ಸವೆದ ದೇಹವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ತಂಡದ ವಿಷಯದಲ್ಲಿ ಇಲ್ಲಿ ಮಾಡಿದ ಈ ವಿಭಾಗ ಇತರ ತಂಡಗಳಿಗೆ ಎಷ್ಟರ ಮಟ್ಟಿಗೆ ಹೊಂದುತ್ತದೆಂಬುದು ಪ್ರತ್ಯೇಕ ಪರಿಶೀಲನೆಗೆ ಯೋಗ್ಯವಾದ ವಿಷಯ.